ಮಂಡ್ಯದ ಏಳು ಶಾಸಕರು, 917 ಮತ: ರಾಷ್ಟ್ರಪತಿ ಚುನಾವಣೆಯ ತೂಕದ ಲೆಕ್ಕ

ಕಾವೇರಿ ನೀರಿನ ವಿವಾದ ತಲೆಯೆತ್ತಿದಾಗಲೆಲ್ಲ ಮಂಡ್ಯದ ಜಿಲ್ಲಾಧಿಕಾರಿ ಕಚೇರಿಯ ಮೂಲಕ ರಾಷ್ಟ್ರಪತಿಗಳಿಗೆ ಮನವಿಪತ್ರ ಸಲ್ಲಿಸುವುದು ಹೋರಾಟಗಾರರ ವಾಡಿಕೆ. ಆ ಪತ್ರಕ್ಕೆ ಸಹಿ ಹಾಕುವ ರೈತರಲ್ಲಿ ಯಾರೊಬ್ಬರೂ ರಾಷ್ಟ್ರಪತಿಯ ಆಯ್ಕೆಗೆ ನೇರವಾಗಿ ಮತ ಹಾಕಿದವರಲ್ಲ. ಅವರ ಪರವಾಗಿ ಅವರ ಶಾಸಕರು ಮತ್ತು ಸಂಸದರು ಹಾಕುತ್ತಾರೆ. ಮಂಡ್ಯ ಜಿಲ್ಲೆಯ ಏಳು ಶಾಸಕರ ಮತಗಳಿಗೆ ಒಟ್ಟು 917, ಮೈಸೂರು ಜಿಲ್ಲೆಯ ಹನ್ನೊಂದು ಶಾಸಕರ ಮತಗಳಿಗೆ ಒಟ್ಟು 1,441 ಎಂಬ ಮೌಲ್ಯವಿದೆ. ಈಗಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈನಲ್ಲಿ ಮುಗಿಯುತ್ತದೆ. ಅದೇ ವರ್ಷದ ಮಾರ್ಚ್ 1ನ್ನು ಗಣನೆಯ ದಿನವಾಗಿಟ್ಟುಕೊಂಡು ದೇಶದ ಜನಗಣತಿಯೂ ನಡೆಯಲಿದೆ. ಈ ಎರಡಕ್ಕೂ ಇರುವ ಸಂಬಂಧವನ್ನು ನಮ್ಮ ರಾಜ್ಯದಲ್ಲಿ ಯಾರೂ ಗಂಭೀರವಾಗಿ ಚರ್ಚಿಸುತ್ತಿಲ್ಲ ಎಂಬ ಕಳವಳವೇ ಈ ಲೇಖನಕ್ಕೆ ಕಾರಣ.

ಮೊದಲು ಮತದಾರರು ಯಾರೆಂಬುದನ್ನು ನೋಡೋಣ. ಸಂವಿಧಾನದ 54ನೇ ವಿಧಿಯ ಪ್ರಕಾರ ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ಎಲ್ಲ ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು ಸೇರಿ ಒಂದು ಮತದಾರ ಮಂಡಳಿಯಾಗುತ್ತದೆ. 1992ರ 70ನೇ ತಿದ್ದುಪಡಿಯ ನಂತರ ದೆಹಲಿ ಮತ್ತು ಪುದುಚೇರಿಯ ಶಾಸಕರಿಗೂ ಅದರಲ್ಲಿ ಜಾಗವಿದೆ. ರಾಜ್ಯಸಭೆಯ ಹನ್ನೆರಡು ನಾಮನಿರ್ದೇಶಿತ ಸದಸ್ಯರಿಗೆ ಮತವಿಲ್ಲ. ವಿಧಾನ ಪರಿಷತ್ತಿನ ಸದಸ್ಯರಿಗೂ ಇಲ್ಲ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರದ ಪದವೀಧರರು ದಕ್ಷಿಣ ಪದವೀಧರರ ಕ್ಷೇತ್ರದಿಂದ ಆರಿಸಿ ಕಳುಹಿಸುವ ಪರಿಷತ್ ಸದಸ್ಯರು ಜನರಿಂದಲೇ ಆಯ್ಕೆಯಾದವರಾದರೂ ರಾಷ್ಟ್ರಪತಿ ಚುನಾವಣೆಯಲ್ಲಿ ಅವರು ನೋಡುಗರು ಮಾತ್ರ. ಪರಿಷತ್ತು ಎಲ್ಲ ರಾಜ್ಯಗಳಲ್ಲೂ ಇಲ್ಲದಿರುವುದರಿಂದ, ಇರುವ ರಾಜ್ಯಗಳಿಗೆ ಹೆಚ್ಚುವರಿ ಮತ ಸಿಗಬಾರದೆಂಬುದು ಇದರ ಹಿಂದಿನ ನ್ಯಾಯ.

ಒಬ್ಬ ಶಾಸಕನ ಮತದ ಮೌಲ್ಯವನ್ನು ಲೆಕ್ಕ ಹಾಕುವ ಕ್ರಮವನ್ನು 55ನೇ ವಿಧಿ ಹೇಳುತ್ತದೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಬೇಕು. ಶೇಷ 500 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೇರಿಸಬೇಕು. ಇಲ್ಲಿ ಜನಸಂಖ್ಯೆ ಎಂದರೆ ಇಂದಿನದಲ್ಲ, 1971ರ ಜನಗಣತಿಯದು. ಆಗ ನಮ್ಮ ರಾಜ್ಯಕ್ಕೆ ಇನ್ನೂ ಕರ್ನಾಟಕ ಎಂಬ ಹೆಸರು ಬಂದಿರಲಿಲ್ಲ. ಎಣಿಸಿದ್ದು ಮೈಸೂರು ರಾಜ್ಯದ ಜನರನ್ನು, ಸಿಕ್ಕಿದ ಸಂಖ್ಯೆ 2,92,99,014. ಅದನ್ನು 224ರಿಂದ, ಮತ್ತೆ ಸಾವಿರದಿಂದ ಭಾಗಿಸಿದರೆ 130.8 ಬರುತ್ತದೆ. ಹಾಗಾಗಿ ನಮ್ಮ ಪ್ರತಿ ಶಾಸಕರ ಮತಕ್ಕೆ 131, ಇಡೀ ವಿಧಾನಸಭೆಗೆ 29,344. ಇದೇ ಲೆಕ್ಕದಲ್ಲಿ ಉತ್ತರ ಪ್ರದೇಶದ ಶಾಸಕನ ಮತಕ್ಕೆ 208, ತಮಿಳುನಾಡಿನಲ್ಲಿ 176, ಕೇರಳದಲ್ಲಿ 152, ಸಿಕ್ಕಿಂನಲ್ಲಿ 7. ರಾಜ್ಯದ ಒಳಗೆ ಮಾತ್ರ ಭೇದವಿಲ್ಲ: ಹಲವು ಲಕ್ಷ ಮತದಾರರಿರುವ ಬೆಂಗಳೂರು ದಕ್ಷಿಣದ ಶಾಸಕರಿಗೂ ಮಲೆನಾಡಿನ ಸಣ್ಣ ಕ್ಷೇತ್ರವಾದ ಶೃಂಗೇರಿಯ ಶಾಸಕರಿಗೂ ಅದೇ 131. ಮೇಲುಕೋಟೆಯಿಂದ 2023ರಲ್ಲಿ ಗೆದ್ದ ಸರ್ವೋದಯ ಕರ್ನಾಟಕ ಪಕ್ಷದ ಏಕೈಕ ಶಾಸಕರ ಮತವೂ ಮುಖ್ಯಮಂತ್ರಿಯ ಮತದಷ್ಟೇ ತೂಗುತ್ತದೆ.

ಸಂಸದರ ಲೆಕ್ಕ ಇದರ ಮೇಲೆಯೇ ನಿಂತಿದೆ. ಎಲ್ಲ ಶಾಸಕರ ಒಟ್ಟು ಮತಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ಮತಮೌಲ್ಯ ಸಿಗುತ್ತದೆ. 2022ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ವಿಧಾನಸಭೆ ಇರಲಿಲ್ಲವಾದ್ದರಿಂದ ಶಾಸಕರ ಒಟ್ಟು ಮೌಲ್ಯ 5,43,231ಕ್ಕೆ ಇಳಿಯಿತು. ಅದನ್ನು ಲೋಕಸಭೆಯ 543 ಮತ್ತು ರಾಜ್ಯಸಭೆಯ 233, ಒಟ್ಟು 776 ಸದಸ್ಯರಿಗೆ ಹಂಚಿದಾಗ ತಲಾ 700 ಬಂತು. 2017ರಲ್ಲಿ ಇದೇ ಮೌಲ್ಯ 708 ಇತ್ತು. ಹೀಗೆ ಕೇಂದ್ರದ ಪಾಲೂ ರಾಜ್ಯಗಳ ಪಾಲೂ ಹೆಚ್ಚುಕಡಿಮೆ ಸರಿಸಮವಾಗಿ ನಿಲ್ಲುತ್ತವೆ. ಲೋಕಸಭೆಯಲ್ಲಿ ಭಾರಿ ಬಹುಮತವಿರುವ ಪಕ್ಷವೂ ರಾಜ್ಯಗಳ ವಿಧಾನಸಭೆಗಳನ್ನು ಕಡೆಗಣಿಸಿ ತನ್ನ ಅಭ್ಯರ್ಥಿಯನ್ನು ಗೆಲ್ಲಿಸಲು ಆಗದಂತೆ ಮಾಡಿರುವ ಏರ್ಪಾಡು ಇದು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜೀವಾಳವೂ ಇದೇ.

ಜನರೇ ನೇರವಾಗಿ ರಾಷ್ಟ್ರಪತಿಯನ್ನು ಆರಿಸಬಾರದೇಕೆ ಎಂಬ ಪ್ರಶ್ನೆ ಹೊಸದಲ್ಲ. ಸಂವಿಧಾನ ರಚನಾ ಸಭೆಯಲ್ಲಿ ಕೆ.ಟಿ. ಶಾ ಅವರು ವಯಸ್ಕ ಮತದಾನದ ಮೂಲಕ ನೇರ ಆಯ್ಕೆಯಾಗಬೇಕೆಂದು ತಿದ್ದುಪಡಿ ಮಂಡಿಸಿದ್ದರು. ನಿಜವಾದ ಅಧಿಕಾರ ಮಂತ್ರಿಮಂಡಲದಲ್ಲೂ ಶಾಸನಸಭೆಯಲ್ಲೂ ಇರುವಾಗ, ಕೋಟ್ಯಂತರ ಜನರಿಂದ ನೇರವಾಗಿ ಆಯ್ಕೆಯಾದ ವ್ಯಕ್ತಿಗೆ ಆ ಅಧಿಕಾರ ಕೊಡದೆ ಕೂರಿಸುವುದು ಅಸಂಗತವಾಗುತ್ತದೆ ಎಂಬುದು ನೆಹರೂ ಅವರ ವಾದವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಶಾ ಅವರು 1952ರಲ್ಲಿ, ತಾವು ಒಪ್ಪದ ಅದೇ ಪರೋಕ್ಷ ಪದ್ಧತಿಯಲ್ಲಿ, ರಾಜೇಂದ್ರ ಪ್ರಸಾದರ ವಿರುದ್ಧ ಸ್ಪರ್ಧಿಸಿ ಸೋತರು. ನೆಹರೂ ಅವರ ವಾದ ಇಂದಿಗೂ ಗಟ್ಟಿಯಾಗಿದೆ ಎಂದೇ ನಾನು ಭಾವಿಸುತ್ತೇನೆ: 74ನೇ ವಿಧಿಯ ಪ್ರಕಾರ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದ ರಾಷ್ಟ್ರಪತಿ, ದೇಶದ ಅರ್ಧಕ್ಕಿಂತ ಹೆಚ್ಚು ಜನ ತನಗೇ ಮತ ಹಾಕಿದ್ದಾರೆಂಬ ಬಲದಿಂದ ಪ್ರಧಾನಿಯ ಎದುರು ನಿಂತರೆ ಆ ಜಗಳವನ್ನು ಬಿಡಿಸುವ ದಾರಿ ಸಂವಿಧಾನದಲ್ಲಿಲ್ಲ.

ಹಾಗೆಂದು ಇದನ್ನು ರಬ್ಬರ್ ಸ್ಟ್ಯಾಂಪ್ ಹುದ್ದೆಯೆಂದು ತಳ್ಳಿಹಾಕುವವರು ರಾಜ್ಯಗಳ ಮಸೂದೆಗಳಿಗೆ ಏನಾಗುತ್ತದೆಂಬುದನ್ನು ಗಮನಿಸಬೇಕು. ವಿಧಾನಸಭೆ ಅಂಗೀಕರಿಸಿದ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಬಹುದು. ಕರ್ನಾಟಕದ ಗುತ್ತಿಗೆ ಮೀಸಲಾತಿಯ ತಿದ್ದುಪಡಿ ಮಸೂದೆ 2025ರಲ್ಲಿ ಹೀಗೆಯೇ ದೆಹಲಿಗೆ ಹೋಯಿತು. ಇಂಥ ಮಸೂದೆಗಳ ಕುರಿತು ರಾಷ್ಟ್ರಪತಿಗಳು ಇಷ್ಟೇ ದಿನಗಳಲ್ಲಿ ತೀರ್ಮಾನಿಸಬೇಕೆಂದು ನ್ಯಾಯಾಲಯ ಗಡುವು ವಿಧಿಸಲಾಗದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2025ರ ನವೆಂಬರ್ 20ರಂದು ಅಭಿಪ್ರಾಯ ನೀಡಿದೆ. ತೀರ್ಮಾನ ಕೇಂದ್ರ ಮಂತ್ರಿಮಂಡಲದ ಸಲಹೆಯಂತೆಯೇ ಆಗುತ್ತದೆಂಬುದು ನಿಜ. ಆದರೂ ರಾಜ್ಯದ ಕಾನೂನು ಯಾರ ಅಂಕಿತಕ್ಕಾಗಿ ಕಾಯುತ್ತದೆಯೋ ಅವರ ಆಯ್ಕೆಯಲ್ಲಿ ರಾಜ್ಯಕ್ಕೆ ಎಷ್ಟು ಪಾಲಿದೆ ಎಂಬುದು ಅಲ್ಪ ವಿಷಯವಲ್ಲ.

ಮತದಾನದ ಕೊಠಡಿಯ ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶಾಸಕರು ವಿಧಾನಸೌಧದಲ್ಲಿ, ಸಂಸದರು ಸಾಮಾನ್ಯವಾಗಿ ಸಂಸತ್ ಭವನದಲ್ಲಿ ಮತ ಹಾಕುತ್ತಾರೆ. ಶಾಸಕರ ಮತಪತ್ರ ಗುಲಾಬಿ ಬಣ್ಣದ್ದು, ಸಂಸದರದು ಹಸಿರು. ಬರೆಯಲು ಚುನಾವಣಾ ಆಯೋಗವೇ ಕೊಡುವ ನೇರಳೆ ಶಾಯಿಯ ಪೆನ್ನನ್ನು ಬಳಸಬೇಕು. ಜೇಬಿನ ಪೆನ್ನಿನಲ್ಲಿ ಬರೆದರೆ ಮತ ಅಸಿಂಧು. ಅಭ್ಯರ್ಥಿಗಳ ಹೆಸರಿನ ಮುಂದೆ ಪ್ರಾಶಸ್ತ್ಯದ ಸಂಖ್ಯೆಗಳನ್ನು ಅಂಕಿಯಲ್ಲಿ ಬರೆಯಬೇಕು, ಅಕ್ಷರದಲ್ಲಲ್ಲ. ಆ ಅಂಕಿ ಭಾರತದ ಯಾವ ಭಾಷೆಯದ್ದಾದರೂ ಆಗಬಹುದು: ನಾಗಮಂಗಲದ ಶಾಸಕರು ಕನ್ನಡದಲ್ಲೇ ‘೧’ ಎಂದು ಬರೆದರೆ ಅದು ಸಿಂಧುವೇ. ಎರಡನೆಯ ಪ್ರಾಶಸ್ತ್ಯ ಬರೆಯದೆ ಬಿಡಬಹುದು, ಮೊದಲನೆಯದನ್ನು ಬಿಟ್ಟರೆ ಮತಕ್ಕೆ ಬೆಲೆಯಿಲ್ಲ. ಇಷ್ಟು ಅನುಭವಸ್ಥರೇ ಮತದಾರರಾದರೂ 2022ರಲ್ಲಿ 53 ಮತಗಳು ಅಸಿಂಧುವಾದವು. 2012ರಲ್ಲಿ ಮುಲಾಯಂ ಸಿಂಗ್ ಯಾದವ್ ಅವರು ಮೊದಲ ಮತಪತ್ರವನ್ನು ಹರಿದು ಇನ್ನೊಂದನ್ನು ಪಡೆದು ಮತ ಹಾಕಿದ್ದನ್ನು ಆಯೋಗ ತಿರಸ್ಕರಿಸಿತು.

ಮತ ಗುಪ್ತವಾದದ್ದು. ರಾಜ್ಯಸಭಾ ಚುನಾವಣೆಯಲ್ಲಿ 2003ರಿಂದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕಾಗಿದೆ. ರಾಷ್ಟ್ರಪತಿ ಚುನಾವಣೆಗೆ ಆ ನಿಯಮ ಬಂದಿಲ್ಲ. ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಬೇರೆಯವರಿಗೆ ಮತ ಹಾಕಿದರೆಂದು ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವ ಕಿತ್ತುಕೊಳ್ಳುವಂತೆಯೂ ಇಲ್ಲ. ಕೇರಳ ವಿಧಾನಸಭೆಯಲ್ಲಿ 2022ರಲ್ಲಿ ಎಡರಂಗವೂ ಕಾಂಗ್ರೆಸ್ ಕೂಟವೂ ವಿರೋಧ ಪಕ್ಷಗಳ ಅಭ್ಯರ್ಥಿ ಯಶವಂತ ಸಿನ್ಹಾ ಅವರ ಪರವಾಗಿದ್ದವು, ಬಿಜೆಪಿಗೆ ಅಲ್ಲಿ ಒಬ್ಬ ಶಾಸಕನೂ ಇರಲಿಲ್ಲ. ಆದರೂ ಮುರ್ಮು ಅವರಿಗೆ ಅಲ್ಲಿಂದ ಒಂದು ಮತ ಬಂತು, ಅದನ್ನು ಹಾಕಿದವರು ಯಾರೆಂದು ಗುಪ್ತ ಮತದಾನದಲ್ಲಿ ತಿಳಿಯುವಂತಿಲ್ಲ. ಶಾಸಕರು ಪಕ್ಷದ ಅಂಕುಶವಿಲ್ಲದೆ ತೀರ್ಮಾನಿಸಬಹುದಾದ ಸಂದರ್ಭಗಳು ಇಂದು ಬೆರಳೆಣಿಕೆಯಷ್ಟು, ಇದನ್ನಾದರೂ ಉಳಿಸಿಕೊಳ್ಳಬೇಕು.

ಎಣಿಕೆಯ ಕ್ರಮ ಪದವೀಧರ ಕ್ಷೇತ್ರದ ಎಣಿಕೆಯನ್ನು ಕಂಡ ಮೈಸೂರಿನವರಿಗೆ ಅಪರಿಚಿತವೇನಲ್ಲ. ಸಿಂಧುವಾದ ಮತಗಳ ಒಟ್ಟು ಮೌಲ್ಯವನ್ನು ಎರಡರಿಂದ ಭಾಗಿಸಿ ಒಂದು ಸೇರಿಸಿದರೆ ಗೆಲ್ಲಲು ಬೇಕಾದ ಕೋಟಾ. ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅಷ್ಟು ಪಡೆಯದಿದ್ದರೆ ಅತಿ ಕಡಿಮೆ ಪಡೆದವರನ್ನು ಕಣದಿಂದ ತೆಗೆದು, ಅವರ ಮತಪತ್ರಗಳನ್ನು ಎರಡನೆಯ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚುತ್ತಾರೆ. 2022ರಲ್ಲಿ ಇದರ ಅಗತ್ಯ ಬೀಳಲಿಲ್ಲ: ಮುರ್ಮು 6,76,803, ಸಿನ್ಹಾ 3,80,177. ಅಗತ್ಯ ಬಿದ್ದದ್ದು 1969ರಲ್ಲಿ, ಅದೂ ಬೆಂಗಳೂರಿನಲ್ಲಿ ಹುಟ್ಟಿದ ಜಗಳದಿಂದ. ಆ ವರ್ಷದ ಜುಲೈನಲ್ಲಿ ಅಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರು ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿಯಾಗಿ ಆರಿಸಿದರು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಇಂದಿರಾ ಅವರು ಆತ್ಮಸಾಕ್ಷಿಯಂತೆ ಮತ ಹಾಕಿರೆಂದು ಕರೆ ಕೊಟ್ಟರು. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769 ಪಡೆದರು. ಕೋಟಾ ಇದ್ದದ್ದು 4,18,169. ದೇಶಮುಖ್ ಅವರಿಗೆ ಮೊದಲ ಮತ ಕೊಟ್ಟವರಲ್ಲಿ ಬಹುಪಾಲು ಜನ ಎರಡನೆಯದನ್ನು ರೆಡ್ಡಿಯವರಿಗೆ ಕೊಟ್ಟಿದ್ದರಿಂದ ಅಂತರ ಕುಗ್ಗುತ್ತ ಬಂದು, ಕೊನೆಗೆ ಗಿರಿ 4,20,077, ರೆಡ್ಡಿ 4,05,427ಕ್ಕೆ ನಿಂತರು. ಗಿರಿ ಅವರು ಕೋಟಾವನ್ನು ದಾಟಿದ್ದು 1,908ರಿಂದ ಮಾತ್ರ. ಇಂದಿನ ಮೌಲ್ಯದಲ್ಲಿ ಹೇಳುವುದಾದರೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಶಾಸಕರ ಒಟ್ಟು ಮತಕ್ಕಿಂತಲೂ ಕಡಿಮೆ. ಕಾಂಗ್ರೆಸ್ ಅದೇ ವರ್ಷ ಒಡೆಯಿತು.

ಆ ಕಾಲದಲ್ಲಿ ಯಾರು ಬೇಕಾದರೂ ನಾಮಪತ್ರ ಸಲ್ಲಿಸಬಹುದಿತ್ತು. 1967ರಲ್ಲಿ ಕಣದಲ್ಲಿದ್ದವರು 17 ಮಂದಿ. 1974ರಲ್ಲಿ ನಿಯಮ ಬಿಗಿಯಾಯಿತು, 1997ರಿಂದ 50 ಸೂಚಕರು, 50 ಅನುಮೋದಕರು ಮತ್ತು 15,000 ರೂಪಾಯಿ ಠೇವಣಿ ಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕುಟುಂಬ ಯೋಜನೆಯನ್ನು ಚೆನ್ನಾಗಿ ಜಾರಿಗೊಳಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರ 42ನೇ ತಿದ್ದುಪಡಿ ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. ರಾಷ್ಟ್ರಪತಿ ಚುನಾವಣೆಯ ಮತಮೌಲ್ಯವನ್ನೂ ಅದರ ಜೊತೆಗೇ ಕಟ್ಟಿಹಾಕಿತು. 84ನೇ ತಿದ್ದುಪಡಿ ಆ ಅವಧಿಯನ್ನು, 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ವಿಸ್ತರಿಸಿತು. ಇದರ ಪರಿಣಾಮ ಮಂಡ್ಯದಲ್ಲೇ ಕಾಣುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 18,05,769. ಏಳು ಕ್ಷೇತ್ರಗಳಿಗೆ ಹಂಚಿದರೆ ಒಬ್ಬ ಶಾಸಕರ ಹಿಂದೆ ಸುಮಾರು 2.58 ಲಕ್ಷ ಜನರಿದ್ದಾರೆ. ರಾಷ್ಟ್ರಪತಿ ಚುನಾವಣೆಯಲ್ಲಿ ಅವರ ಮತವನ್ನು 1.31 ಲಕ್ಷ ಜನರ ಮತವೆಂದು ಎಣಿಸಲಾಗುತ್ತದೆ. ಉಳಿದ ಅರ್ಧದಷ್ಟು ಜನ ಲೆಕ್ಕದಲ್ಲೇ ಇಲ್ಲ. ಎಲ್ಲ ರಾಜ್ಯಗಳಿಗೂ ಇದೇ ಸ್ಥಿತಿಯಾದ್ದರಿಂದ ಸದ್ಯಕ್ಕೆ ಇದು ಅನ್ಯಾಯವೆನಿಸುತ್ತಿಲ್ಲ.

ಕಟ್ಟು ಬಿಚ್ಚಿದ ಮೇಲೆ ಏನಾಗುತ್ತದೆ? ಕ್ಷೇತ್ರ ಮರುವಿಂಗಡಣೆಯ ಚರ್ಚೆಯಲ್ಲಿ ಎಲ್ಲರೂ ಸ್ಥಾನಗಳ ಸಂಖ್ಯೆಯನ್ನು ಹಿಡಿದೇ ಮಾತನಾಡುತ್ತಾರೆ. ಮಂಡ್ಯಕ್ಕೆ ಆ ನೋವು ಗೊತ್ತಿದೆ: 2008ರ ಮರುವಿಂಗಡಣೆಯಲ್ಲಿ ಕೆರಗೋಡು ಮತ್ತು ಕಿರುಗಾವಲು ಕ್ಷೇತ್ರಗಳು ಇಲ್ಲವಾಗಿ, ಜಿಲ್ಲೆಯ ಶಾಸಕರು ಒಂಬತ್ತರಿಂದ ಏಳಕ್ಕಿಳಿದರು. ರಾಷ್ಟ್ರಪತಿ ಚುನಾವಣೆಯಲ್ಲಿ ಜಿಲ್ಲೆಯ ಮೌಲ್ಯವೂ 1,179ರಿಂದ 917ಕ್ಕೆ ಇಳಿಯಿತು. ಆದರೆ ರಾಜ್ಯದ ಒಟ್ಟು 29,344ರಲ್ಲಿ ಒಂದೂ ಕಡಿಮೆಯಾಗಲಿಲ್ಲ. ಸೂತ್ರವನ್ನು ಇನ್ನೊಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ. ಶಾಸಕರ ಸಂಖ್ಯೆಯಿಂದ ಭಾಗಿಸಿ ಮತ್ತೆ ಅದೇ ಸಂಖ್ಯೆಯಿಂದ ಗುಣಿಸುವುದರಿಂದ ಉಳಿಯುವುದು ಜನಸಂಖ್ಯೆಯ ಸಾವಿರದಲ್ಲೊಂದು ಪಾಲು ಮಾತ್ರ. ಕಬ್ಬು ನಾಲ್ಕು ಗಾಡಿಯಲ್ಲಿ ಬಂದರೂ ಎಂಟು ಗಾಡಿಯಲ್ಲಿ ಬಂದರೂ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಲೆಕ್ಕಕ್ಕೆ ಬರುವುದು ಕಬ್ಬಿನ ತೂಕವೇ. ಕರ್ನಾಟಕ ವಿಧಾನಸಭೆಯನ್ನು 224ರಿಂದ 300ಕ್ಕೆ ಏರಿಸಿದರೂ ಶಾಸಕರ ಮತ 98ಕ್ಕೆ ಇಳಿದು ಒಟ್ಟು ಮೌಲ್ಯ 29,400ರಲ್ಲೇ ನಿಲ್ಲುತ್ತದೆ. ಆದ್ದರಿಂದ ಸ್ಥಾನಗಳ ವಿಷಯದಲ್ಲಿ ಯಾವ ರಾಜಿಯಾದರೂ, ಯಾರ ಸ್ಥಾನವೂ ಕಡಿಮೆಯಾಗುವುದಿಲ್ಲವೆಂಬ ಭರವಸೆ ಸಿಕ್ಕರೂ, ರಾಷ್ಟ್ರಪತಿ ಚುನಾವಣೆಯಲ್ಲಿ ವಿಧಾನಸಭೆಗಳ ಪಾಲು ಹೊಸ ಜನಸಂಖ್ಯೆಯಂತೆ ಬದಲಾಗಿಯೇ ತೀರುತ್ತದೆ.

ಎಷ್ಟು ಬದಲಾಗಬಹುದೆಂದು 2011ರ ಜನಗಣತಿಯನ್ನಿಟ್ಟು ಲೆಕ್ಕ ಹಾಕಿ ನೋಡಿದೆ. ಕರ್ನಾಟಕದ ಶಾಸಕರ ಮತ 131ರಿಂದ 273ಕ್ಕೆ ಏರುತ್ತದೆ, ಉತ್ತರ ಪ್ರದೇಶದ್ದು 208ರಿಂದ 496ಕ್ಕೆ. ಏರಿಕೆಯನ್ನು ಕಂಡು ಸಂತೋಷಪಡುವಂತಿಲ್ಲ, ಪಾಲನ್ನು ನೋಡಬೇಕು. ಶಾಸಕರ ಒಟ್ಟು ಮೌಲ್ಯದಲ್ಲಿ ಕರ್ನಾಟಕದ ಪಾಲು ಶೇ 5.4ರಿಂದ ಶೇ 5.1ಕ್ಕೆ ಇಳಿಯುತ್ತದೆ. ತಮಿಳುನಾಡು ಶೇ 7.6ರಿಂದ ಶೇ 6ಕ್ಕೆ, ಕೇರಳ ಶೇ 3.9ರಿಂದ ಶೇ 2.8ಕ್ಕೆ ಕುಸಿಯುತ್ತವೆ. ಉತ್ತರ ಪ್ರದೇಶ ಶೇ 15.4ರಿಂದ ಶೇ 16.7ಕ್ಕೆ, ಬಿಹಾರ ಶೇ 7.7ರಿಂದ ಶೇ 8.7ಕ್ಕೆ ಏರುತ್ತವೆ. ನಮಗಾಗುವ ನಷ್ಟ ನೆರೆಯವರಿಗಿಂತ ಕಡಿಮೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಇದನ್ನು ಉತ್ತರ ಮತ್ತು ದಕ್ಷಿಣದ ಜಗಳವೆಂದು ಬಣ್ಣಿಸುವುದೂ ಸರಿಯಲ್ಲ; ಒಡಿಶಾ, ಪಶ್ಚಿಮ ಬಂಗಾಳ, ಪಂಜಾಬ್, ಹಿಮಾಚಲ ಪ್ರದೇಶಗಳ ಪಾಲೂ ಇಳಿಯುತ್ತದೆ.

ಸಂಸದರ ಅರ್ಧದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂದು 776 ಸಂಸದರಲ್ಲಿ 233 ಮಂದಿ, ಅಂದರೆ ಶೇ 30ರಷ್ಟು, ರಾಜ್ಯಸಭೆಯವರು. ಲೋಕಸಭೆಯನ್ನು ಹಿಗ್ಗಿಸಿ ರಾಜ್ಯಸಭೆಯನ್ನು ಇದ್ದಂತೆಯೇ ಬಿಟ್ಟರೆ ಈ ಪಾಲು ತಾನಾಗಿಯೇ ಕುಗ್ಗುತ್ತದೆ. ರಾಜ್ಯಗಳ ಪ್ರತಿನಿಧಿಗಳೆಂದು ಕರೆಸಿಕೊಳ್ಳುವವರ ಮಾತು ಅಲ್ಲಿಯೂ ಹಗುರಾಗುತ್ತದೆ.

ಇದಕ್ಕೆ ಎದುರಾಗಿ ಒಂದು ಬಲವಾದ ವಾದವಿದೆ. ಬಿಹಾರದ ಹಳ್ಳಿಯೊಂದರ ಪ್ರಜೆ ಮಳವಳ್ಳಿಯ ಪ್ರಜೆಗಿಂತ ಕಡಿಮೆಯವನೇ, ಐದು ದಶಕಗಳ ಹಿಂದಿನ ಎಣಿಕೆಯಿಂದ ಅವನ ಮತವನ್ನು ಏಕೆ ಕುಗ್ಗಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಹಗುರಾಗಿ ತಳ್ಳಿಹಾಕುವಂತಿಲ್ಲ. ಲೋಕಸಭೆಯ ಮಟ್ಟಿಗೆ ಆ ವಾದದಲ್ಲಿ ನ್ಯಾಯವಿದೆ, ಏಕೆಂದರೆ ಅದು ಜನರ ಸಭೆ. ರಾಷ್ಟ್ರಪತಿಯ ಆಯ್ಕೆಯಲ್ಲಿ ಸಂಸದರ ಅರ್ಧದ ದೊಡ್ಡ ಭಾಗವಾಗಿ ಆ ಜನಸಂಖ್ಯೆ ಒಮ್ಮೆ ಬಂದೇ ಬರುತ್ತದೆ. ವಿಧಾನಸಭೆಗಳ ಅರ್ಧವೂ ಅದೇ ಜನಸಂಖ್ಯೆಯನ್ನು ಎರಡನೆಯ ಬಾರಿ ಎಣಿಸುವುದಕ್ಕಷ್ಟೇ ಬಳಕೆಯಾದರೆ ರಾಜ್ಯಗಳನ್ನು ಪ್ರತ್ಯೇಕವಾಗಿ ಸೇರಿಸಿದ ಉದ್ದೇಶವೇನು? ಆದ್ದರಿಂದ ಲೋಕಸಭೆಯ ಸ್ಥಾನಹಂಚಿಕೆ ಏನೇ ಆಗಲಿ, ರಾಷ್ಟ್ರಪತಿ ಚುನಾವಣೆಯಲ್ಲಿ ರಾಜ್ಯಗಳ ನಡುವಿನ ಈಗಿನ ಪ್ರಮಾಣವನ್ನು ಮುಂದುವರಿಸಬೇಕು ಎಂಬುದು ನನ್ನ ಖಚಿತವಾದ ನಿಲುವು. ಎರಡನ್ನೂ 1976ರಲ್ಲಿ ಒಟ್ಟಿಗೆ ಕಟ್ಟಿದ್ದರೆಂಬ ಕಾರಣಕ್ಕೆ ಒಟ್ಟಿಗೇ ಬಿಚ್ಚಬೇಕಾಗಿಲ್ಲ.

ಕಾಲಾವಕಾಶ ಹೆಚ್ಚಿಲ್ಲ. ಗಣತಿಯ ಮಾರ್ಚಿಗೂ ಚುನಾವಣೆಯ ಜುಲೈಗೂ ನಡುವೆ ನಾಲ್ಕೇ ತಿಂಗಳು. 2011ರ ಗಣತಿಯ ತಾತ್ಕಾಲಿಕ ಅಂಕಿಗಳು ಅದೇ ಮಾರ್ಚ್ 31ರಂದು ಹೊರಬಂದರೂ ಅಂತಿಮ ಅಂಕಿಗಳು ಬಂದದ್ದು 2013ರಲ್ಲಿ. ಹಾಗಾಗಿ 2027ರ ಚುನಾವಣೆ 1971ರ ಲೆಕ್ಕದಲ್ಲೇ ನಡೆಯುವ ಸಂಭವ ಹೆಚ್ಚು, ಹೊಸ ಲೆಕ್ಕದ ಮೊದಲ ಚುನಾವಣೆ 2032ರದ್ದಾಗಬಹುದು. ಹೊಸ ಲೆಕ್ಕ ಜಾರಿಗೆ ಬರಲು ಯಾವ ತಿದ್ದುಪಡಿಯೂ ಬೇಡ, ಅಂಕಿ ಪ್ರಕಟವಾದರೆ ಸಾಕು. ಹಳೆಯದನ್ನು ಉಳಿಸಿಕೊಳ್ಳಲು ಮಾತ್ರ ಸಂವಿಧಾನ ತಿದ್ದುಪಡಿಯಾಗಬೇಕು. 368ನೇ ವಿಧಿಯು 54 ಮತ್ತು 55ನೇ ವಿಧಿಗಳನ್ನು ವಿಶೇಷವಾಗಿ ಹೆಸರಿಸಿರುವುದರಿಂದ, ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತದ ಜೊತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳ ಅನುಮೋದನೆಯೂ ಬೇಕು, ಅಂದರೆ 28ರಲ್ಲಿ 14. 2011ರ ಅಂಕಿಗಳಂತೆ ಪಾಲು ಕಳೆದುಕೊಳ್ಳುವ ರಾಜ್ಯಗಳು ನನ್ನ ಎಣಿಕೆಯಲ್ಲಿ ಹತ್ತರ ಆಸುಪಾಸು. ಅವೆಲ್ಲವೂ ಒಂದಾದರೂ ಸಂಖ್ಯೆ ಸಾಲದು. ಈಶಾನ್ಯದ ಸಣ್ಣ ರಾಜ್ಯಗಳನ್ನೂ, ಪಾಲು ಹೆಚ್ಚುಕಡಿಮೆ ಇದ್ದಂತೆಯೇ ಉಳಿಯುವ ಛತ್ತೀಸಗಢದಂತಹ ರಾಜ್ಯಗಳನ್ನೂ ಒಪ್ಪಿಸಬೇಕಾಗುತ್ತದೆ. ಆ ಮಾತುಕತೆಯನ್ನು ವಿಧಾನಸೌಧದಿಂದ ಯಾರಾದರೂ ಆರಂಭಿಸಬೇಕಿದ್ದರೆ, ಲೋಕಸಭಾ ಸ್ಥಾನಗಳ ನಿರ್ಣಯದ ಜೊತೆಗೆ 55ನೇ ವಿಧಿಯ ಕುರಿತೂ ಪ್ರತ್ಯೇಕ ನಿರ್ಣಯವನ್ನು ಸದನದ ಮುಂದಿಡುವುದು ಮೊದಲ ಹೆಜ್ಜೆ.